ಸೀಸೆಯೊಳಗಿನ ದಾರ

ಹೋದ ತಿಂಗಳು ಕೆ.ಆರ್. ಪೇಟೆಯ ನಮ್ಮ ಹೈಸ್ಕೂಲಿನ ಲ್ಯಾಬಿಗೆ ಸುಣ್ಣ ಹೊಡೆಸಬೇಕಿತ್ತು. ಕಪಾಟು ಖಾಲಿ ಮಾಡಿಸುವಾಗ ಕಪ್ಪೆ ಇಟ್ಟಿದ್ದ ಹಳೆಯ ಸೀಸೆಯ ಮುಚ್ಚಳ ಸಡಿಲಾಗಿ ಫಾರ್ಮಲಿನ್ ಮೇಜಿನ ಮೇಲೆಲ್ಲ ಚೆಲ್ಲಿತು. ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಆ ವಾಸನೆ ನನಗೆ ಹೊಸದೇನೂ ಅಲ್ಲ. ಆದರೂ ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ನಮ್ಮವ್ವನ ಬೆರಳು ನೆನಪಾಗುತ್ತದೆ. ಒರೆಸುವ ಬಟ್ಟೆ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಜವಾನ ಬಂದು ಕಣ್ಣು ಉರಿಯುತ್ತಿದೆಯಾ ಮೇಡಂ ಎಂದು ಕೇಳಿದ. ಹೌದಪ್ಪ ಎಂದೆ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಶ್ರೀರಂಗಪಟ್ಟಣಕ್ಕೆ ಹೊಸದಾಗಿ ಪೋಸ್ಟಿಂಗ್ ಆಗಿತ್ತು. ಕೋಟೆಯ ಒಳಗೆ, ಹೊಳೆಗೆ ಹತ್ತಿರದಲ್ಲಿ, ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಿದ್ದೆ. ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ, ಅದು ಬೇರೆ ಕಥೆ. ಅಪ್ಪ ಹೋದ ಮೇಲೆ ಅವ್ವ ಶೀಳನೆರೆ ಹತ್ತಿರದ ನಮ್ಮೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನು ಒಬ್ಬಳೇ ಇದ್ದೇನೆಂಬ ನೆಪ ಹೇಳಿಕೊಂಡು ತಿಂಗಳಲ್ಲಿ ಅರ್ಧ ಭಾಗ ನನ್ನ ಹತ್ತಿರವೇ ಬಂದಿರುತ್ತಿದ್ದಳು. ರವಿಕೆಗೆ ಯಾವಾಗಲೂ ಒಂದು ಪಿನ್ನು ಚುಚ್ಚಿಕೊಂಡಿರುವುದು ಅವಳ ಅಭ್ಯಾಸ. ಕಾಲಿನ ಮುಳ್ಳು ತೆಗೆಯುವುದರಿಂದ ಹಿಡಿದು ಗೋಣಿಚೀಲದ ಗಂಟು ಬಿಚ್ಚುವವರೆಗೆ ಎಲ್ಲಕ್ಕೂ ಅದೇ ಪಿನ್ನು. ಸೋಪಿನ ನೀರಿಗೆ ಹಾಕಿ ತೊಳೆಯವ್ವ ಎಂದು ನಾನು ಗದರಿದರೆ, ನಿಮ್ಮನ್ನೆಲ್ಲ ಇದರಲ್ಲೇ ಸಾಕಿದ್ದೇನೆ, ಯಾರೂ ಸತ್ತಿಲ್ಲ ಎನ್ನುತ್ತಿದ್ದಳು.

ನನಗಿಂತ ದೊಡ್ಡವಳು ಗೌರಕ್ಕ. ಅವಳನ್ನು ಬಿಂಡಿಗನವಿಲೆಗೆ ಕೊಟ್ಟಿತ್ತು. ನಾಲೆ ನೀರಿನ ಊರಲ್ಲಿ ಹುಟ್ಟಿದವಳನ್ನು ಮಳೆ ನಂಬಿದ ಊರಿಗೆ ಕೊಟ್ಟಿರಲ್ಲ ಎಂದು ಅಪ್ಪನನ್ನು ರೇಗಿಸುತ್ತಿದ್ದಳು, ಆದರೆ ಅಲ್ಲಿ ಚೆನ್ನಾಗಿಯೇ ಬೇರು ಬಿಟ್ಟಿದ್ದಳು. ರಾಗಿ ಹೊಲ, ಹುರುಳಿ, ಒಂದು ಹಿಂಡು ಕುರಿ, ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಭಾವ ಪುಟ್ಟಸ್ವಾಮಿ ಪಾಪದ ಮನುಷ್ಯ. ಟಗರು ಮಾರಬೇಕಾದರೂ ಟಗರಿನ ಅಭಿಪ್ರಾಯ ಕೇಳುವಂಥ ಪೈಕಿ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅಕ್ಕನಿಗೆ ನಗು ಬರುತ್ತಿತ್ತು, ಜೊತೆಗೆ ನನ್ನ ಮೇಲೆ ಕೋಪವೂ ಬರುತ್ತಿತ್ತು.

ಆ ವರ್ಷದ ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದ ಅಕ್ಕ, ಅವ್ವ ಹಿತ್ತಲಿಗೆ ಹೋದ ಹೊತ್ತು ನೋಡಿಕೊಂಡು, ಎಡಗಡೆ ಮೊಲೆಯಲ್ಲಿ ಏನೋ ಗಟ್ಟಿ ಇದೆ ಎಂದಳು. ದೀಪಾವಳಿಯಿಂದ ಇದೆಯಂತೆ. ಕುರಿ ಗುದ್ದಿದ್ದು ಇರಬೇಕು ಎಂದುಕೊಂಡಿದ್ದಳಂತೆ. ಮಾರನೆಯ ದಿನವೇ ಮೈಸೂರಿಗೆ ಎಳೆದುಕೊಂಡು ಹೋದೆ. ಸೂಜಿ ಹಾಕಿ ಪರೀಕ್ಷೆ ಮಾಡಿ ಕ್ಯಾನ್ಸರೇ ಎಂದರು.

ನಾವು ಹೋಗಿದ್ದ ನರ್ಸಿಂಗ್ ಹೋಮಿನ ಸರ್ಜನ್ನು ನಿಧಾನಸ್ಥರು. ಗಂಟು ಸಣ್ಣದು, ಪೂರ್ತಿ ಮೊಲೆ ತೆಗೆಯಬೇಕಾಗಿಲ್ಲ ಎಂದರು. ಗಂಟನ್ನು ಅದರ ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದ ಸಮೇತ ತೆಗೆಯುವುದು, ಆಮೇಲೆ ಉಳಿದ ಭಾಗಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು. ತೆಗೆದ ತುಂಡಿನ ಅಂಚನ್ನು ಲ್ಯಾಬಿನವರು ನೋಡುತ್ತಾರೆ, ಅಂಚಿನಲ್ಲಿ ಏನೂ ಇಲ್ಲದಿದ್ದರೆ ನಾವು ಗೆದ್ದಂತೆ ಎಂದು ಒಂದು ಕಾಗದದ ಮೇಲೆ ವೃತ್ತ ಬರೆದು ತೋರಿಸಿದರು. ಅಕ್ಕನಿಗೆ ಅದು ತಕ್ಷಣ ಅರ್ಥವಾಯಿತು. ಗರಿಕೆ ಕೀಳುವಾಗ ಬದುವಿನಲ್ಲಿ ಒಂದು ಬೇರು ಉಳಿದರೂ ಮತ್ತೆ ಹಬ್ಬುತ್ತದಲ್ಲ, ಹಾಗೆಯೇ ಎಂದಳು. ಡಾಕ್ಟರು ನಕ್ಕು ಹಾಗೇ ಎಂದರು. ಅವತ್ತು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು. ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲಿ ದೋಸೆ ಅಷ್ಟು ರುಚಿಯಾಗಿತ್ತು ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ಆಪರೇಷನ್ ಆದ ದಿನ ಭಾವ ಅಕ್ಕನ ಮಂಚದ ಪಕ್ಕ, ನಾನು ಔಷಧಿ ಅಂಗಡಿಯ ಸಾಲಿನಲ್ಲಿ, ಅವ್ವ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ. ಆ ಕಾಲಕ್ಕೆ ತೆಗೆದ ತುಂಡನ್ನು ಮನೆಯವರ ಕೈಗೇ ಕೊಟ್ಟುಬಿಡುತ್ತಿದ್ದರು, ನಾವೇ ಲ್ಯಾಬಿಗೆ ಮುಟ್ಟಿಸಬೇಕಿತ್ತು. ನರ್ಸು ಅಗಲ ಬಾಯಿಯ ಸೀಸೆಯೊಂದನ್ನು ತಂದು ಅವ್ವನ ಕೈಗಿಟ್ಟು, ಲ್ಯಾಬಿಗೆ ಕೊಡಿ ಅಜ್ಜಿ ಎಂದು ಹೇಳಿ ಒಳಗೆ ಹೋಗಿದ್ದಳು. ನಾನು ವಾಪಸು ಬಂದಾಗ ಅವ್ವ ಸೀಸೆಯನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡು ಕೂತಿದ್ದಳು, ಕೂಸು ಮಲಗಿಸಿಕೊಂಡವಳ ಹಾಗೆ. ನಾನೇ ಅದನ್ನು ತೆಗೆದುಕೊಂಡು ಎರಡು ಬೀದಿ ಆಚೆಯ ಲ್ಯಾಬಿಗೆ ಕೊಟ್ಟು ಬಂದೆ. ಸಂಜೆ ಅವ್ವ ಅನ್ನ ಕಲಸಿ ಕೊಡುವಾಗ ಅವಳ ಬೆರಳು ಫಾರ್ಮಲಿನ್ ವಾಸನೆ ಹೊಡೆಯುತ್ತಿತ್ತು. ಮುಚ್ಚಳ ಸೋರಿರಬೇಕು ಎಂದುಕೊಂಡೆ.

ರಿಪೋರ್ಟು ಬಂದ ದಿನ ಅಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ಕಂಕುಳಿನ ಗಂಟುಗಳಿಗೆ ಹರಡಿಲ್ಲ ಎಂದು ಡಾಕ್ಟರು ಮೊದಲು ಒಳ್ಳೆಯ ಸುದ್ದಿ ಹೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತುಂಡಿನ ಒಂದು ಅಂಚಿನಲ್ಲಿ ಕ್ಯಾನ್ಸರು ಮುಟ್ಟಿಕೊಂಡಿದೆ, ಅಂದರೆ ಒಳಗೆ ಒಂದಿಷ್ಟು ಉಳಿದಿರಬಹುದು ಎಂದರು. ಹೀಗಾಗುವುದುಂಟು, ಆ ಕಡೆ ಇನ್ನೊಂದು ಸಲ ಸ್ವಲ್ಪ ತೆಗೆದರೆ ಮುಗಿಯಿತು. ಆದರೆ ಆ ಕಡೆ ಎಂದರೆ ಯಾವ ಕಡೆ ಎಂಬುದೇ ಗೊತ್ತಾಗುತ್ತಿಲ್ಲ. ಮೇಲೆ ಯಾವುದು, ಪಕ್ಕ ಯಾವುದು ಎಂದು ತಿಳಿಯಲೆಂದು ತಾವು ತುಂಡಿಗೆ ಎರಡು ದಾರ ಕಟ್ಟಿದ್ದರಂತೆ, ಒಂದು ಉದ್ದ, ಒಂದು ಗಿಡ್ಡ. ಲ್ಯಾಬಿನವರು ತಮಗೆ ಬಂದ ತುಂಡಿನಲ್ಲಿ ದಾರವೇ ಇರಲಿಲ್ಲ ಎಂದು ಬರೆದಿದ್ದರು. ಸುತ್ತಲೂ ಮತ್ತೆ ಕೆತ್ತಿದರೆ ಉಳಿಯುವುದು ಏನೂ ಇರುವುದಿಲ್ಲ, ಅದಕ್ಕಿಂತ ಪೂರ್ತಿ ತೆಗೆಸಿಬಿಡುವುದೇ ಒಳ್ಳೆಯದು ಎಂದರು.

"ದಾರ ಇದ್ದಿದ್ರೆ ಸಾರ್?" ಎಂದು ಅಕ್ಕ ಕೇಳಿದಳು.

"ದಾರ ಇದ್ದಿದ್ರೆ ಆ ಒಂದು ಕಡೆ ಮಾತ್ರ ತೆಗೀತಿದ್ದೆ ಕಣಮ್ಮ."

ಪೂರ್ತಿ ತೆಗೆಸದೆ ಬರೀ ಕರೆಂಟು ಕೊಡಿಸಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಕರೆಂಟು ಅದನ್ನು ಸುಟ್ಟರೂ ಸುಡಬಹುದು, ಆದರೆ ಅಂಚಿನಲ್ಲಿ ಉಳಿದಿರುವುದು ಅದೇ ಜಾಗದಲ್ಲಿ ತಿರುಗಿ ಬರುವ ಭಯ ಹೆಚ್ಚು, ನಾನಾಗಿದ್ದರೆ ಆ ಜೂಜು ಆಡುವುದಿಲ್ಲ ಎಂದರು.

ಮನೆಗೆ ಬಂದು, ಲ್ಯಾಬಿನವರೇ ದಾರ ಕಳೆದಿರಬೇಕೆಂದು ಬೈದುಕೊಳ್ಳುತ್ತ, ಸೀಸೆಯಲ್ಲಿ ದಾರ ಇತ್ತಾ ಎಂದು ಸುಮ್ಮನೆ ಒಂದು ಮಾತಿಗೆ ಅವ್ವನನ್ನು ಕೇಳಿದೆ. ಅವ್ವ ಒಲೆಯ ಮುಂದೆ ಅವರೆಕಾಯಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅಕ್ಕ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು.

"ಇತ್ತು ಕಣವ್ವ, ಎಲ್ಡು ಕರೀ ದಾರ. ನಾನೇ ಬಿಚ್ಚಾಕ್ದೆ," ಎಂದಳು ಅವ್ವ. "ಜೀವಂತವಾಗಿರೋಳ ಮಾಂಸ, ಗಂಟಾಕಿ ಮಣ್ಣಿಗೆ ಕಳಿಸ್ತಾರಾ ಯಾರಾದ್ರೂ? ಪಿನ್ನಲ್ಲಿ ಒಸಿ ಒಸಿನೇ ಸಡ್ಲ ಮಾಡ್ಬುಟ್ಟು ಬಿಚ್ದೆ. ಬಲ್ ಬಿಗಿಯಾಗಿ ಕಟ್ಬುಟ್ಟಿದ್ರು."

ನಮ್ಮ ಕಡೆ ಹೆಣವನ್ನು ಗುಂಡಿಗೆ ಇಳಿಸುವ ಮುಂಚೆ ಮೈಮೇಲಿನ ಗಂಟುಗಳನ್ನೆಲ್ಲ ಬಿಚ್ಚುತ್ತಾರೆ. ಕಾಲ್ಬೆರಳು ಸೇರಿಸಿ ಕಟ್ಟಿದ ದಾರ, ಗದ್ದಕ್ಕೆ ಕಟ್ಟಿದ ಬಟ್ಟೆ, ಉಡುದಾರ, ಯಾವುದೂ ಉಳಿಯಬಾರದು. ಗಂಟು ಉಳಿದರೆ ಜೀವ ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬುದು ನಂಬಿಕೆ. ಆ ಸೀಸೆಯಲ್ಲಿದ್ದದ್ದನ್ನು ಡಾಕ್ಟರುಗಳು ನೋಡಿ ಮುಗಿಸಿ ಎಲ್ಲೋ ಹೂಳುತ್ತಾರೆ, ಅದರ ಗಂಟಿಗೆ ಸಿಕ್ಕಿ ಮಗಳ ಜೀವವೂ ಮಣ್ಣಿಗೆ ಹೋಗುತ್ತದೆ ಎಂದು ಅವ್ವ ಹೆದರಿದ್ದಳು. ಅವಳು ದಾರ ಬಿಚ್ಚಿದ್ದು ಅಕ್ಕ ಬದುಕಲಿ ಎಂದು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ಗೊತ್ತಾಗುವುದಿಲ್ಲ. ಸಿಟ್ಟಂತೂ ಬರುತ್ತದೆ.

ನಾನು ಅವ್ವನ ಮುಖವನ್ನೇ ನೋಡುತ್ತ ನಿಂತಿದ್ದೆ. ಸೌಟು ಹಿಡಿದ ಅವ್ವನ ಕೈ ಒಂದು ಗಳಿಗೆ ನಿಂತಿತು. ಯಾಕೆ, ಏನಾಯ್ತು ಎಂದಳು. ನಾನು ಬಾಯಿ ತೆರೆಯುವ ಮುಂಚೆ ಅಕ್ಕ, ಏನಿಲ್ಲ, ಗಂಟಲು ಒಣಗಿದೆ, ಒಂದು ಲೋಟ ಕಾಫಿ ಕೊಡವ್ವ ಎಂದಳು. ಕಾಫಿ ಕೊಟ್ಟು ಅವ್ವ ಬೀದಿ ನಲ್ಲಿಗೆ ಕೊಡ ತೆಗೆದುಕೊಂಡು ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಅವ್ವಂಗೆ ಯೇಳ್ಬ್ಯಾಡ ಕಣಮ್ಮಿ. ಗೊತ್ತಾದ್ರೆ ಅವ್ಳು ಉಳ್ಯಾಕಿಲ್ಲ."

ಹೇಳುವುದಿಲ್ಲ, ಆದರೆ ನೀನು ಪೂರ್ತಿ ತೆಗೆಸಿಕೊಳ್ಳಬೇಕು ಎಂದೆ. ಅಕ್ಕನ ಯೋಚನೆ ನನಗೆ ಕಾಣುತ್ತಿತ್ತು. ಸಣ್ಣ ಆಪರೇಷನ್ನು, ಎಲ್ಲ ಹೋಯಿತು ಎಂದು ಅವ್ವನಿಗೆ ಆಗಲೇ ಹೇಳಿಯಾಗಿತ್ತು. ಈಗ ಮತ್ತೆ ಮಲಗಿ ಮೊಲೆಯನ್ನೇ ತೆಗೆಸಿಕೊಂಡು ಎದ್ದರೆ ಅವ್ವ ಯಾಕೆ ಎಂದು ಕೇಳದೆ ಇರುತ್ತಾಳಾ? ಅದೊಂದೇ ಕಾರಣ ಎಂದು ಹೇಳಿದರೆ ಸುಳ್ಳಾಗುತ್ತದೆ. ಕತ್ತಿಯ ಭಯವಿತ್ತು, ಕುರಿ ಮರಿ ಹಾಕುವ ಕಾಲ, ಮಗಳ ಪರೀಕ್ಷೆ ಹತ್ತಿರವಿತ್ತು, ಮತ್ತೆ ಹೆಣ್ಣಿಗೆ ಅವಳ ಮೈ ಎಂಬುದೂ ಒಂದು ಇರುತ್ತದೆ. ಎಲ್ಲ ಸೇರಿ ಅವಳು, ಕರೆಂಟು ಕೊಡಿಸಿ ನೋಡೋಣ ಎಂದುಬಿಟ್ಟಳು. ಭಾವನಿಗೆ ಹೇಳಿ ಬಲವಂತ ಮಾಡಿಸೋಣವೆಂದು ಬಿಂಡಿಗನವಿಲೆಗೆ ಹೋದೆ. ಅವರು ಕುರಿಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು, "ಅವ್ಳು ಎಂಗಂತಾಳೋ ಅಂಗೇ ಆಗ್ಲಿ," ಎಂದರು. ಆ ಕ್ಷಣ ಆ ಮನುಷ್ಯನನ್ನು ಹೊಡೆಯಬೇಕು ಅನ್ನಿಸಿತು.

ಗಾಯ ಮಾಗಿದ ಮೇಲೆ ಬೇಸಿಗೆಯಲ್ಲಿ ಕರೆಂಟು ಶುರುವಾಯಿತು. ಅಕ್ಕ ನನ್ನ ಮನೆಯಲ್ಲೇ ಉಳಿದಳು. ಮೊದಮೊದಲು ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ, ಆಮೇಲೆ ಬೇಸಿಗೆ ರಜೆ ಬಂದದ್ದರಿಂದ ನಿರಾಳವಾಗಿ, ದಿನವೂ ಅವಳ ಜೊತೆ ಮೈಸೂರಿಗೆ ಹೋಗುತ್ತಿದ್ದೆ. ಬಸ್ಸು ಸೇತುವೆ ದಾಟುವಾಗ ಕಾವೇರಿಯ ಬಂಡೆಗಳೆಲ್ಲ ಮೈ ಬಿಟ್ಟುಕೊಂಡು ಒಣಗುತ್ತಿದ್ದವು. ಕರೆಂಟಿನ ಕೋಣೆ ನೆಲಮಾಳಿಗೆಯಲ್ಲಿತ್ತು. ಹೊರಗಿನ ಬೆಂಚಿನ ಮೇಲೆ ಬೇರೆ ಬೇರೆ ಊರಿನ ಹೆಂಗಸರು ಸೆರಗು ಹೊದ್ದು ಕೂತು, ಗಂಟಲು ಬತ್ತಿದ್ದು, ರುಚಿ ಸತ್ತಿದ್ದು, ಮನೆಯಲ್ಲಿ ಸೊಸೆ ಮಾಡುವ ಸಾರು ಎಲ್ಲವನ್ನೂ ಮಾತಾಡುತ್ತಿದ್ದರು. ಅಕ್ಕ ಅಲ್ಲಿಯೂ ಎಲ್ಲರನ್ನೂ ನಗಿಸುತ್ತಿದ್ದಳು. ಒಳಗೆ ಹೋಗಿ ಬಂದ ಮೇಲೆ ಮಾತ್ರ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಚರ್ಮ ಹೊತ್ತಿದ ರೊಟ್ಟಿಯ ಹಾಗೆ ಕಪ್ಪಾಯಿತು.

ಎಲ್ಲಿ ಕರೆಂಟು ಬೀಳಬೇಕೆಂದು ಅವಳ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಹಾಕಿದ್ದರು. ಅದು ಅಳಿಸಬಾರದು, ನೀರು ಸೋಕಬಾರದು. ಆ ಸಲ ಯುಗಾದಿಗೆ ಅಕ್ಕನಿಗೆ ಎಣ್ಣೆ ನೀರಿಲ್ಲ. ನಾನು ಅವ್ವನಿಗೆ ಹೇಗೆ ವಿವರಿಸುವುದು ಎಂದು ಯೋಚಿಸುತ್ತಿದ್ದರೆ, ಅವ್ವ ತಾನಾಗಿಯೇ ಹರಳೆಣ್ಣೆಯ ಬಟ್ಟಲನ್ನು ದೂರ ಸರಿಸಿದಳು. ಒದ್ದೆ ಬಟ್ಟೆಯಲ್ಲಿ ಅಕ್ಕನ ಬೆನ್ನು ಒರೆಸುವಾಗಲೂ ಗೆರೆಯ ಹತ್ತಿರ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡು, ಇಲ್ಲಿ ಮುಟ್ಟಬಹುದಾ ಎಂದು ನನ್ನನ್ನು ಕೇಳುತ್ತಿದ್ದಳು. ಆಸ್ಪತ್ರೆಯಿಂದ ತಂದ ಹತ್ತಿಯ ಪೊಟ್ಟಣವನ್ನು ಬಿಚ್ಚುವುದಕ್ಕೂ ಕೇಳುತ್ತಿದ್ದಳು. ಯಾರ ಮಾತನ್ನೂ ಕೇಳದ ನಮ್ಮವ್ವನಿಗೆ ವಯಸ್ಸಾಯಿತು ಎಂದುಕೊಂಡೆನೇ ಹೊರತು ಬೇರೇನೂ ತೋಚಲಿಲ್ಲ.

ಮಳೆ ಬಿತ್ತು, ಅಕ್ಕ ಊರಿಗೆ ಹೋದಳು. ಕನ್ನಂಬಾಡಿ ಕಟ್ಟೆಯ ಬಾಗಿಲು ತೆಗೆದು, ಬೇಸಿಗೆಯಲ್ಲಿ ಕಂಡಿದ್ದ ಬಂಡೆಗಳೆಲ್ಲ ಕೆಂಪು ನೀರಿನಲ್ಲಿ ಮುಳುಗಿದವು. ನನ್ನ ಮನೆಯ ಗೋಡೆಯೆಲ್ಲ ತೇವ. ಭಾನುವಾರಗಳಂದು ನಾಗಮಂಗಲದ ಬಸ್ಸು ಹಿಡಿದು, ಅಲ್ಲಿಂದ ಬಿಂಡಿಗನವಿಲೆಗೆ ಹೋಗುತ್ತಿದ್ದೆ. ಅಕ್ಕ ರಾಗಿ ಹೊಲದಲ್ಲಿ ಕಳೆ ಕೀಳುತ್ತಿರುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾನು ಗಾಯದ ಕಲೆಯ ಸುತ್ತ ಒತ್ತಿ ಒತ್ತಿ ನೋಡುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಸಿಗದೆ ಇದ್ದದ್ದಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು, ಆದರೆ ವಾಪಸು ಬಸ್ಸಿನಲ್ಲಿ ಕೂತಾಗ ನಾನು ಸರಿಯಾದ ಜಾಗ ಒತ್ತಿದೆನೋ ಇಲ್ಲವೋ ಎಂಬ ಹುಳ ತಲೆಯಲ್ಲಿ ಕೊರೆಯುತ್ತಿತ್ತು. ದಸರೆಗೆ ಡಾಕ್ಟರು ನೋಡಿ ಸದ್ಯಕ್ಕೆ ಏನೂ ಇಲ್ಲ ಎಂದರು. ಆ ಸದ್ಯಕ್ಕೆ ಎಂಬ ಮಾತನ್ನು ನಾನು ಎಷ್ಟು ದಿನ ದ್ವೇಷಿಸಿದೆನೋ.

ಮತ್ತೆ ಸೊಗಡು ಅವರೆಯ ಕಾಲ ಬಂತು. ಒಂದು ಭಾನುವಾರ ನಾನೂ ಅಕ್ಕನೂ ಅವಳ ಮನೆಯ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಇಬ್ಬನಿ ಇನ್ನೂ ಆರಿರಲಿಲ್ಲ, ಭಾವ ಕುರಿ ಹೊಡೆದುಕೊಂಡು ಹೋಗಿದ್ದರು. ಅಕ್ಕ ನನ್ನ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿಸಿ, ಒದ್ದೆ ಬೆರಳನ್ನು ಹಿಡಿದು ಸೆರಗಿನ ಒಳಗೆ, ಕಲೆಯ ತುದಿಯಲ್ಲಿ ಇಟ್ಟಳು. ಈಗಷ್ಟೇ ಹಿದುಕಿದ್ದ ಕಾಳಿನಷ್ಟೇ ಗಾತ್ರ. ಬೆರಳಿಗೆ ಸಿಕ್ಕಿ ಜಾರಲಿಲ್ಲ, ಕಚ್ಚಿಕೊಂಡಿತ್ತು.

"ಯಾವ್ ಕಡೆ ಅಂತ ಈಗ ಗೊತ್ತಾಯ್ತು ಬುಡು," ಎಂದಳು.

ನಾನು ಅತ್ತೆ. ಅವಳು ಅಳಲಿಲ್ಲ, ಕಾಳು ಹಿದುಕುವುದನ್ನು ಮುಂದುವರಿಸಿದಳು. ಕಂಕುಳ ಕಡೆಗಿನ ಅಂಚು ಅದು. ಒಂದು ಗೇಣೂ ಇಲ್ಲದ ಜಾಗ. ಒಂದು ವರ್ಷದ ಹಿಂದೆ ಅಲ್ಲಿಂದ ಒಂದು ಬೆರಳಿನಷ್ಟು ತೆಗೆದಿದ್ದರೆ ಸಾಕಿತ್ತು.

ಈ ಸಲ ಪೂರ್ತಿ ತೆಗೆದರು. ಅಕ್ಕ ಬೇಡ ಎನ್ನಲಿಲ್ಲ, ಅವ್ವ ಯಾಕೆ ಎಂದು ಕೇಳಲಿಲ್ಲ. ನಾನು ಕೇಳುತ್ತಾಳೆಂದು ಸುಳ್ಳು ಹೊಂದಿಸಿ ಇಟ್ಟುಕೊಂಡಿದ್ದೆ, ಅದು ಹಾಗೆಯೇ ಉಳಿಯಿತು. ಔಷಧಿಯ ಡ್ರಿಪ್ಪು ಹಾಕಿದರು, ಕೂದಲು ಉದುರಿತು, ಆದರೆ ಅಷ್ಟು ಹೊತ್ತಿಗೆ ಅದು ಶ್ವಾಸಕೋಶಕ್ಕೆ ಇಳಿದಿತ್ತು. ದಾರ ಇದ್ದಿದ್ದರೆ ಅಕ್ಕ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. ಅವರು, ಉಳಿಯುತ್ತಿದ್ದರು ಎಂದು ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು. ಕೆಟ್ಟ ಉತ್ತರ. ಇವತ್ತಿನವರೆಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮುಂಗಾರಿನ ಮೊದಲ ಮಳೆಗೆ ಊರೆಲ್ಲ ಹೊಲ ಹದ ಮಾಡುತ್ತಿರುವಾಗ ಅಕ್ಕ ಹೋದಳು. ಭಾವನ ಹೊಲದ ಮೂಲೆಯಲ್ಲಿ ಗುಂಡಿ ತೆಗೆದರು. ಜಿಟಿಜಿಟಿ ಮಳೆ. ಗುಂಡಿಗೆ ಇಳಿಸುವ ಮುಂಚೆ ಹಿರಿಯರೊಬ್ಬರು, ತವರಿನವರು ಬಂದು ಗಂಟು ಬಿಚ್ಚಿ ಎಂದು ಕರೆದರು. ಅದು ನಮ್ಮಲ್ಲಿ ಹೆತ್ತವಳ ಕೆಲಸ. ಅವ್ವನನ್ನು ಕೈ ಹಿಡಿದು ಅಕ್ಕನ ಕಾಲ ಹತ್ತಿರ ಕೂರಿಸಿದರು. ಎರಡು ಹೆಬ್ಬೆರಳನ್ನು ಸೇರಿಸಿ ಕಟ್ಟಿದ್ದ ಬಿಳಿ ದಾರ ಮಳೆಗೆ ನೆನೆದು ಬಿಗಿದುಕೊಂಡಿತ್ತು. ಅವ್ವ ಗಂಟಿನವರೆಗೂ ಬೆರಳು ತಂದಳು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ನಾನ್ ಬಿಚ್ಚಾಕಿಲ್ಲ," ಎಂದಳು. "ಒಂದ್ಸಲ ಬಿಚ್ಚಿದ್ದು ಸಾಕು."

ಸುತ್ತ ನಿಂತವರು ದುಃಖದಲ್ಲಿ ಏನೋ ಆಡುತ್ತಿದ್ದಾಳೆ ಎಂದುಕೊಂಡರು. ನಾನು ಪಕ್ಕದಲ್ಲಿ ಕೂತು, ಹಾಗೇನೂ ಇಲ್ಲ ಕಣವ್ವ ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವ್ವ ನನ್ನನ್ನು ನೋಡಲಿಲ್ಲ, ಅಕ್ಕನ ಪಾದವನ್ನೇ ನೋಡುತ್ತಿದ್ದಳು.

"ಅವತ್ತು ಒಲೆ ಮುಂದೆ ನಿನ್ ಮೊಕ ನೋಡ್ದಾಗ್ಲೇ ತಿಳೀತು ಕಣ್ಮಗ. ನೀವು ಯೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಅಷ್ಟೂ ದಿನ ಅಕ್ಕ ಅವ್ವನಿಂದ ಮುಚ್ಚಿಟ್ಟದ್ದನ್ನು ಅವ್ವ ಅಕ್ಕನಿಂದ ಮುಚ್ಚಿಟ್ಟಿದ್ದಳು. ಅವ್ವನಿಗೆ ಗೊತ್ತೆಂದು ಆಗಲೇ ತಿಳಿದಿದ್ದರೆ, ಅಕ್ಕ ಮೊದಲ ಸಲವೇ ಪೂರ್ತಿ ತೆಗೆಸಿಕೊಳ್ಳುತ್ತಿದ್ದಳೋ ಏನೋ. ಇದನ್ನು ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವ್ವ ಬದುಕಿದ್ದ ಇನ್ನಷ್ಟು ವರ್ಷವೂ ಹೇಳಲಿಲ್ಲ.

ಮಳೆ ಜೋರಾಗುತ್ತಿದೆ, ಬೇಗ ಬೇಗ ಎಂದು ಹಿಂದಿನಿಂದ ಯಾರೋ ಅವಸರ ಮಾಡಿದರು. ನಾನೇ ಮುಂದೆ ಬಗ್ಗಿ ಗಂಟಿಗೆ ಉಗುರು ಹಾಕಿದೆ. ನೆನೆದ ದಾರ ಸಡಿಲಾಗಲಿಲ್ಲ. ಆಗ ಅವ್ವ ಸೆರಗಿನಿಂದ ಕೈ ತೆಗೆದು, ರವಿಕೆಯಲ್ಲಿದ್ದ ಪಿನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಮುಖ ಆಚೆ ತಿರುಗಿಸಿಕೊಂಡಳು.